ಹಳೇ ಡಬ್ಬದಲ್ಲಿ ಮೊಳೆತ ಕರಿಜೀರಿಗೆ

ಭೂತಮ್ಮ ಗಂಡನ ಕೈಯಿಂದ ಚಮಚ ಕಿತ್ತುಕೊಂಡಳು. ಕರಿಜೀರಿಗೆ ನೆಲಕ್ಕೆ ಚೆಲ್ಲಿತು.

"ಮೊದ್ಲು ನಿನ್ ಮಾತ್ರೆ ಎಲ್ಲೈತೆ ತೋರ್ಸು."

ಲಕ್ಕಯ್ಯ ಮಾತ್ರೆ ಸಿಕ್ಕಿಸಿಟ್ಟಿದ್ದ ಸೂರಿನ ಕಡೆ ನೋಡಿದ. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಹನ್ನೆರಡು ದಿನವಾಗಿತ್ತು. ಆನೇಮಹಲ್ ಹತ್ತಿರ ಜೀಪಿನಲ್ಲಿ ಮಾರುತ್ತಿದ್ದವನೊಬ್ಬ, ದಿನಕ್ಕೊಂದು ಚಮಚ ಕರಿಜೀರಿಗೆ ತಿಂದರೆ ಮಾತ್ರೆಯೇ ಬೇಡ ಎಂದಿದ್ದ. ಪೊಟ್ಟಣದ ಮೇಲೆ ಹೆಸರಿಲ್ಲ, ವಿಳಾಸವಿಲ್ಲ. ಲಕ್ಕಯ್ಯನ ಕಾಲಿನ ಗಾಯವಂತೂ ಮಾಯುತ್ತಲೇ ಇರಲಿಲ್ಲ.

"ನಿಂಗೆ ಎಲ್ಲದ್ರ ಮೇಲೂ ಅನುಮಾನ ಕಣೇ."

"ಹೂಂ, ಐತೆ. ಅದ್ಕೇ ಬಿತ್ತಿ ನೋಡಿದೀನಿ."

ಅವಳು ಕಾಫಿ ಎಸ್ಟೇಟಿನ ಕೂಲಿಮನೆಗಳ ಲೈನಿನ ಹಿಂದಿನಿಂದ ಒಂದು ತಗಡಿನ ಡಬ್ಬ ತಂದಳು. ಹತ್ತು ದಿನದ ಹಿಂದೆ ಆ ಪೊಟ್ಟಣದ್ದೇ ಒಂದು ಚಿಟಿಕೆ ಕಾಳು ಉದುರಿಸಿದ್ದಳು. ಈಗ ಸೂಜಿಯಂಥ ಹಸಿರು ಎಳೆಗಳು ಎದ್ದಿದ್ದವು.

ಗಾಯ ನೋಡಲು ಬಂದ ಆಶಾ ಕಾರ್ಯಕರ್ತೆ ಮಧುಶ್ರೀ ಒಂದೆಳೆ ಚಿವುಟಿ ಅವನ ಮೂಗಿಗೆ ಹಿಡಿದಳು.

"ಏನ್ ವಾಸ್ನೆ, ಲಕ್ಕಣ್ಣ?"

"...ಈರುಳ್ಳಿ."

"ಈರುಳ್ಳಿ ಬೀಜಾನೂ ಹಂಗೇ ಕರ್ರಗಿರ್ತದೆ. ಕರಿಜೀರಿಗೆ ಆಗಿದ್ರೆ ಮೊದ್ಲು ಎರಡು ಎಲೆ ಬರ್ತಿತ್ತು. ಆಮೇಲೆ ಸಬ್ಬಸಿಗೆ ಥರ ಸೊಪ್ಪು."

"ಹನ್ನೆರಡು ದಿನ ಈರುಳ್ಳಿ ಬೀಜ ಮೇಯ್ದವ್ನೆ ನನ್ ಗಂಡ!" ಎಂದಳು ಭೂತಮ್ಮ.

ಮಧುಶ್ರೀ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಮುನ್ನೂರ ನಲವತ್ತು. "ಹಿಂಗೇ ಬಿಟ್ರೆ ಕಾಲು ಉಳಿಯಲ್ಲ. ಇವತ್ತೇ ಆಸ್ಪತ್ರೆಗೆ ನಡೀರಿ."

"ಅಸಲಿ ಕರಿಜೀರಿಗೆ ಸಿಕ್ಕಿದ್ರೆ ಮಾತ್ರೆ ಬಿಡಬೌದಾ, ಮಾರಾಯ್ತಿ?" ಎಂದ ಲಕ್ಕಯ್ಯ.

"ನಮ್ ಹಿತ್ಲಲ್ಲೇ ಬೆಳೀತೀವಿ. ರೊಟ್ಟಿಗೆ, ಉಪ್ಪಿನಕಾಯಿಗೆ ಚಿಟಿಕೆ ಹಾಕ್ತೀವಿ, ಚೆನ್ನಾಗಿರ್ತದೆ. ಮಾತ್ರೆ ಬಿಡಕ್ಕೆ ಅಂತ ಕೇಳಿದ್ರೆ ಒಂದು ಕಾಳೂ ಕೊಡಲ್ಲ."

ಲಕ್ಕಯ್ಯ ಆಸ್ಪತ್ರೆಗೆ ಹೊರಡಲು ಅಂಗಿ ಹಾಕಿಕೊಂಡ.

ಇದನ್ನು ಓದುತ್ತಿರುವ ನೀವೂ ಕರಿಜೀರಿಗೆ ಬೆಳೆಯಿರಿ. ಮಳೆಗಾಲ ಮುಗಿದ ಮೇಲೆ, ಕಾಫಿ ಗಿಡದ ನೆರಳಲ್ಲಲ್ಲ, ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಬಿತ್ತಿ. ಅಡುಗೆಗೆ ಬಳಸಿ. ಔಷಧಿಯೆಂದು ತಿನ್ನುವ ಮೊದಲು, ಅದರಲ್ಲೂ ಬಸುರಿಯರು, ಡಾಕ್ಟರನ್ನು ಕೇಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಯಾರದೋ ಮಾತಿಗೆ ನಿಲ್ಲಿಸಬೇಡಿ. ಹೆಸರು, ವಿಳಾಸವಿಲ್ಲದ ಪೊಟ್ಟಣ ಕಂಡರೆ ಭೂತಮ್ಮನಷ್ಟೇ ಅನುಮಾನ ಪಡಿ.

ಮುಂದಿನ ವಾರ ಆನೇಮಹಲ್‌ನಲ್ಲಿ ಅದೇ ಜೀಪು ಲಕ್ಕಯ್ಯನ ಪಕ್ಕ ನಿಂತಿತು.

"ಯಜಮಾನ್ರೇ, ಹೊಸ ಮಾಲು ಬಂದೈತೆ. ನಿಮ್ಗೆ ಬಿಟ್ಟಿ, ತಗಳ್ಳಿ."

ಲಕ್ಕಯ್ಯನ ಕೈ ಜೇಬಿನಲ್ಲಿತ್ತು, ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯ ಹಾಳೆಯ ಮೇಲೆ. ಕೈಯನ್ನು ಹೊರಗೆ ತೆಗೆಯಲಿಲ್ಲ.

"ಬ್ಯಾಡ."