ದಿವಾನರ ಮೋಟಾರಿಗೆ ಎತ್ತು ಕಟ್ಟಿದ ವರ್ಷ

ನಾನು ಒಂದು ಮೋಟಾರು. ಬರೀ ಮೋಟಾರು ಎಂದು ಕರೆದರೆ ನನಗೆ ಸಮಾಧಾನವಿಲ್ಲ. ಮಾಳಾಪುರ ಸಂಸ್ಥಾನಕ್ಕೆ ಬಂದ ಮೊಟ್ಟಮೊದಲ ಮೋಟಾರು ನಾನು. ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿಯ ಚಳಿ, ಸುತ್ತಿಗೆಯ ಸದ್ದು, ಹಸಿ ಬಣ್ಣದ ವಾಸನೆ ಇಷ್ಟೇ ನೆನಪಿದೆ. ಒಬ್ಬ ಮುದುಕ ನನ್ನ ಹಿತ್ತಾಳೆ ದೀಪಗಳನ್ನು ಉಜ್ಜಿ ಉಜ್ಜಿ, ಕೊನೆಗೆ ಅದರಲ್ಲೇ ತನ್ನ ಮುಖ ನೋಡಿಕೊಂಡು ಮೀಸೆ ತಿರುವಿದ. ನನ್ನ ಜಂಬಕ್ಕೆ ಅವನೇ ಕಾರಣ ಇರಬೇಕು. ಹಡಗಿನಲ್ಲಿ ಮುಂಬಯಿಗೆ ಬಂದು, ರೈಲು ಹತ್ತಿ, ಕೊನೆಯ ಹಾದಿಯನ್ನು ನನ್ನ ಚಕ್ರಗಳ ಮೇಲೆ ನಾನೇ ಓಡಿ ಮಾಳಾಪುರ ಸೇರಿದೆ.

ರಾಜಾಸಾಹೇಬರು ಆರತಿ ಎತ್ತಿಸಿ ನನ್ನನ್ನು ಬರಮಾಡಿಕೊಂಡರು. ಒಳ್ಳೆಯ ಮನುಷ್ಯ, ದಪ್ಪ ದೇಹ, ಮಗುವಿನಂಥ ನಗು. ಆದರೆ ಧೂಳು ಅವರಿಗೆ ಆಗುತ್ತಿರಲಿಲ್ಲ. ಕೂತ ಕೂಡಲೇ ಕಿಟಕಿಗೆ ಮಖಮಲ್ಲಿನ ಪರದೆ ಎಳೆಸುತ್ತಿದ್ದರು. ನನ್ನನ್ನು ಓಡಿಸುತ್ತಿದ್ದವನು ಇಮಾಮಸಾಬ. ಅವನಿಗೆ ನನ್ನ ಮೇಲೆ ಎಂಥ ಮಮತೆ ಎಂದರೆ, ತನ್ನ ಮದುವೆಯ ದಿನ ಕೂಡ ಮೊದಲು ನನ್ನನ್ನು ತೊಳೆದು ಆಮೇಲೆ ತಾನು ಸ್ನಾನಕ್ಕೆ ಹೋದ.

ನಾನು ಹೊರಟರೆ ಜನ ದಾರಿಯ ಅಂಚಿಗೆ ಸರಿದು, ಚಪ್ಪಲಿ ಕೈಯಲ್ಲಿ ಹಿಡಿದು, ಧೂಳು ಅಡಗುವ ತನಕ ತಲೆ ತಗ್ಗಿಸಿ ನಿಲ್ಲಬೇಕು. ಅದು ಸಂಸ್ಥಾನದ ಪದ್ಧತಿ. ಹಾಗಾಗಿ ಬಹಳ ವರ್ಷ ನಾನು ಮಾಳಾಪುರದವರ ನೆತ್ತಿಗಳನ್ನಷ್ಟೇ ನೋಡಿದ್ದೆ. ಅವುಗಳ ಕೆಳಗೆ ಮುಖಗಳೂ ಇರುತ್ತವೆ ಎಂಬ ಕಡೆಗೆ ನನ್ನ ಗಮನ ಹೋಗಿರಲಿಲ್ಲ.

ಆಮೇಲೆ ಪೇಟೆ ಬಿತ್ತು. ಜಗತ್ತಿನ ಪೇಟೆಯೇ ಬಿದ್ದಿದೆ, ನನ್ನ ಹುಟ್ಟೂರಿನ ಕಾರ್ಖಾನೆಗಳೂ ಬಾಗಿಲು ಹಾಕಿವೆ ಎಂದು ಅರಮನೆಯ ಅಂಗಳದಲ್ಲಿ ಮಾತಾಡಿಕೊಂಡರು. ವಿಚಿತ್ರವೆಂದರೆ ಮಳೆ ಚೆನ್ನಾಗಿಯೇ ಆಗಿತ್ತು. ಜೋಳ ಆಳೆತ್ತರ ಬೆಳೆದಿತ್ತು, ಹತ್ತಿ ಹೊಲದ ತುಂಬ ಒಡೆದಿತ್ತು, ಕೊಳ್ಳುವವರೇ ಇರಲಿಲ್ಲ. ರೈತನ ಕೈಯಲ್ಲಿ ರೊಕ್ಕವಿಲ್ಲದ ಮೇಲೆ ನೇಕಾರನ ಸೀರೆ ಯಾರು ಕೊಳ್ಳಬೇಕು? ನೇಕಾರ ಓಣಿಯ ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಇಂಥ ಹೊತ್ತಿನಲ್ಲಿ ಹಳೆಯ ದಿವಾನರು ಜಾಣತನದಿಂದ ಕಾಶಿಯಾತ್ರೆಗೆ ಹೊರಟರು. ರಾಜ್ಯಭಾರ ಹೊಸ ದಿವಾನರಾದ ನೀಲಕಂಠರಾವ್ ಮುತಾಲಿಕರ ಹೆಗಲಿಗೆ ಬಿತ್ತು.

ತೆಳ್ಳಗಿನ ದೇಹ, ಉದ್ದ ಮೂಗು, ಕಂಕುಳಲ್ಲಿ ಸದಾ ಒಂದು ಕೊಡೆ. ಅವರ ಮೊದಲ ಹುಕುಂ ಬಂದದ್ದು ನನ್ನ ಮೇಲೆ.

"ಇಮಾಮಸಾಬ, ಇವತ್ತಿನಿಂದ ಪೆಟ್ರೋಲ್ ಬಂದ್. ಊರಾಗ ಮಗ್ಗ ನಿಂತಾವ. ಸರಕಾರದ ಮೋಟಾರು ಓಡಿದ್ರ ಚಂದ ಕಾಣಂಗಿಲ್ಲ."

"ಹಂಗಾದ್ರ ನೀವು ಹಳ್ಳಿ ಹಳ್ಳಿ ಹೆಂಗ ತಿರಗಾಡೂದ್ರಿ ಸಾಹೇಬ್ರ?"

"ಎತ್ತು ಕಟ್ಟು."

"ಯಾವುದಕ್ರಿ?"

ದಿವಾನರು ಕೊಡೆಯ ತುದಿಯಿಂದ ನನ್ನನ್ನು ತೋರಿಸಿದರು. ಇಮಾಮಸಾಬನ ಕಣ್ಣಲ್ಲಿ ನೀರು ಬಂತು. ನನಗೆ ಅಳುವ ಸೌಕರ್ಯ ಇರಲಿಲ್ಲ.

ನನ್ನ ಮೂತಿಗೆ ಮರದ ನೊಗ ಬಿಗಿದರು. ಆ ಎತ್ತುಗಳು ಹೊರಳಿ ನನ್ನ ದೀಪಗಳನ್ನು ನೋಡಿದ ರೀತಿ ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಒಂದಂತೂ ನನ್ನೆದುರೇ ನಿರಾಳವಾಗಿ ಸಗಣಿ ಹಾಕಿತು. ಊರಿಗೆ ಊರೇ ನಕ್ಕಿತು. ದಿವಾನರು ಮಾತ್ರ ಪಲ್ಲಕ್ಕಿಯಲ್ಲಿ ಕೂತವರ ಹಾಗೆ ಗಂಭೀರವಾಗಿ ಕೂತಿದ್ದರು.

ಆದರೆ ಆ ಸೀಮೆಯಲ್ಲಿ ಒಂದು ರೂಢಿ ಇತ್ತು. ಮೋಟಾರಿಗೆ ತಲೆ ಬಾಗಬೇಕು, ನಿಜ. ಎತ್ತಿನ ಚಕ್ಕಡಿಯೊಂದು ಹೊರಟಿದ್ದರೆ ಯಾರು ಬೇಕಾದರೂ ಅದರ ಪಕ್ಕ ನಡೆಯುತ್ತ, ಒಳಗೆ ಕೂತವರ ಜೊತೆ ಮಾತಾಡಬಹುದು. ನಾನು ಮೋಟಾರೋ ಚಕ್ಕಡಿಯೋ ಎಂದು ಜನ ಮೊದಲೆರಡು ದಿನ ಗಲಿಬಿಲಿಗೊಂಡರು. ಅರ್ಧ ತಲೆ ಬಾಗಿ, ಅರ್ಧ ಇಣುಕಿ ನೋಡಿದರು. ಮೂರನೆಯ ದಿನ ಒಬ್ಬ ಕುರುಬ ನನ್ನ ಬಾಗಿಲ ಮೇಲೆ ಕೈಯಿಟ್ಟು, "ಎಲ್ಲಿಗೆ ಹೊಂಟೀರಿ?" ಎಂದು ನಡೆಯತೊಡಗಿದ. ಅಲ್ಲಿಂದ ಮುಂದೆ ನನ್ನ ಎರಡೂ ಬದಿಗೆ ಜನವೋ ಜನ. ಮುಖಗಳು! ಹಲ್ಲುಬ್ಬಿದ್ದು, ಎಲೆ ಅಡಿಕೆ ತುಂಬಿದ್ದು, ಮೂಗುತಿ ಹೊಳೆಯುವುದು. ನಿಜ ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು.

ಹೀಗೆಯೇ ಒಂದು ಸಂಜೆ ನೇಕಾರ ಓಣಿಯ ಸಾವಂತ್ರೆವ್ವ ಸೀರೆಗಂಟು ಹೊತ್ತು ಸಂತೆಯಿಂದ ಮರಳುತ್ತಾ ನಮ್ಮ ಜೊತೆಯಾದಳು. ಗಟ್ಟಿ ಹೆಂಗಸು, ಗಟ್ಟಿ ದನಿ.

"ಏನವಾ, ಮಾರಿದ್ವೇನು?" ದಿವಾನರು ಕೇಳಿದರು.

"ಎಲ್ಲಿ ಮಾರತಾವರಿ? ಸೆರಗು ಮುಟ್ಟಿ ನೋಡತಾರ, ಚಂದ ಐತಿ ಅಂತಾರ, ಹೋಗತಾರ. ಹುಣ್ಣಿಮಿ ದಿನ ನಮ್ಮ ಓಣಿ ಸೊಲ್ಲಾಪುರದ ಗಿರಣಿಗೆ ಹೊಂಟೈತ್ರಿ. ಮಗ್ಗ ಬಿಚ್ಚಾಕ ಹತ್ತೀವಿ."

"ಅಲ್ಲೂ ಕೆಲಸ ಇಲ್ಲವಾ."

"ಇಲ್ಲೂ ಇಲ್ಲಲ್ರಿ."

ದಿವಾನರು ಹೊರಳಿ ಆ ಸೀರೆಗಂಟನ್ನು ನೋಡಿದರು. ಒಮ್ಮೆ ಬಿಚ್ಚಿ ಊರು ಬಿಟ್ಟ ಮಗ್ಗ ತಿರುಗಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮಾರನೆಯ ದಿನ ರಾಜಾಸಾಹೇಬರು ನನ್ನ ಪಕ್ಕದಲ್ಲೇ ನಿಂತಿದ್ದಾಗ ದಿವಾನರು ವಿಷಯ ತೆಗೆದರು. ಸಂಸ್ಥಾನದ ಹಗೇವುಗಳಲ್ಲಿ, ಎಂದರೆ ನೆಲದೊಳಗಿನ ಕಣಜಗಳಲ್ಲಿ, ಜೋಳ ತುಂಬಿದೆ. ನೇಕಾರರಿಗೆ ಸೀರೆಗೆ ಬದಲು ಜೋಳ ಕೊಡೋಣ. ಆ ಸೀರೆಗಳನ್ನು ಹಳ್ಳಿಗೆ ಒಯ್ದು ರೈತರಿಗೆ ಕೊಟ್ಟರೆ, ರೊಕ್ಕವಿಲ್ಲದ ರೈತರು ಜೋಳವನ್ನೇ ಕೊಡುತ್ತಾರೆ, ಹಗೇವು ಮತ್ತೆ ತುಂಬುತ್ತದೆ.

ರಾಜಾಸಾಹೇಬರು ತಲೆಯಲ್ಲಾಡಿಸಿದರು. ಹಗೇವಿನ ಮುದ್ರೆಯನ್ನು ರಾಜರು ತಮ್ಮ ಕೈಯಾರೆ ಒಡೆಯಬೇಕು. ಅದೂ ಬರಗಾಲದಲ್ಲಿ ಮಾತ್ರ. ಅವರ ಅಜ್ಜನ ಕಾಲದಿಂದ ನಡೆದುಬಂದದ್ದು.

"ಮಳಿ ಆಗೇತಿ, ಬೆಳಿ ಬಂದೈತಿ. ಬರ ಎಲ್ಲಿ ಐತಿ ತೋರಸ್ರಿ ಮುತಾಲಿಕರ. ತೋರಸ್ರಿ, ಒಡೀತೀನಿ."

ಮಳೆ ಬಿದ್ದ ವರ್ಷ ಬರ ತೋರಿಸುವುದು ಹೇಗೆ? ದಿವಾನರು ಮೂಗು ಕೆರೆದುಕೊಂಡು, ಕೊಡೆ ಕಂಕುಳಿಗೇರಿಸಿ ಹೊರಟರು.

ಹುಣ್ಣಿಮೆ ಬಂತು. ಆ ದಿನ ರಾಜಾಸಾಹೇಬರು ಹೊಳೆದಂಡೆಯ ಬಂಗಲೆಗೆ ಊಟಕ್ಕೆ ಹೋಗಬೇಕು. ಕಾಯಿದೆ ಎಲ್ಲರಿಗೂ ಒಂದೇ ಎಂದು ದಿವಾನರು ಪೆಟ್ರೋಲ್ ಕೊಡಲಿಲ್ಲ. ರಾಜಾಸಾಹೇಬರಿಗೆ ಸಿಟ್ಟು ಬರುವುದರ ಬದಲು ಕುತೂಹಲ ಬಂತು, ಎತ್ತಿನ ಮೋಟಾರು ಹತ್ತಿಯೇ ಹೋಗುತ್ತೇನೆ ಎಂದರು. ಅಂದೇ ಮುಂಜಾನೆ ಒಂದು ಎತ್ತು ಕುಂಟತೊಡಗಿತು. ಇಮಾಮಸಾಬ ಗಾಬರಿಯಿಂದ ಗಾಣಿಗರ ರಾಚಪ್ಪನ ಮನೆಗೆ ಓಡಿದ. ರಾಚಪ್ಪ ಊರಲ್ಲಿರಲಿಲ್ಲ. ಕೊಟ್ಟಿಗೆಯಲ್ಲಿ ದಷ್ಟಪುಷ್ಟ ಎತ್ತೊಂದಿತ್ತು, ಅದನ್ನೇ ಹಿಡಿದು ತಂದ. ಪಾಪ, ಇಮಾಮಸಾಬನಿಗೆ ನನ್ನ ಹೊಟ್ಟೆಯ ಒಂದೊಂದು ಸ್ಕ್ರೂ ಗೊತ್ತು. ಎತ್ತಿನ ಬಗ್ಗೆ ಮಾತ್ರ, ಅದಕ್ಕೆ ನಾಲ್ಕು ಕಾಲಿವೆ ಎನ್ನುವಷ್ಟೇ ಗೊತ್ತು.

ಓಣಿಗಳಲ್ಲಿ ಎರಡೂ ಕಡೆ ಗೋಡೆ ಇದ್ದ ತನಕ ಎತ್ತು ನೆಟ್ಟಗೆ ನಡೆಯಿತು. ವೇಗವಿಲ್ಲದ್ದರಿಂದ ಧೂಳೂ ಏಳಲಿಲ್ಲ, ರಾಜಾಸಾಹೇಬರು ಸೆಕೆಗೆ ಪರದೆ ಸರಿಸಿದರು. ನೇಕಾರ ಓಣಿಯ ಚೌಕ ಬಂತು. ಅದರ ನಡುವೆ ಬೇವಿನ ಮರ, ಮರದ ಸುತ್ತ ದುಂಡನೆಯ ಕಟ್ಟೆ. ಹುಟ್ಟಿದಾಗಿನಿಂದ ಗಾಣ ತಿರುಗಿದ ಎತ್ತು ಆ ಕಟ್ಟೆಯನ್ನು ಕಂಡದ್ದೇ ತಡ, ತನ್ನ ಕೆಲಸ ಶುರುಮಾಡಿತು. ಜೊತೆಯ ಎತ್ತನ್ನೂ ನನ್ನನ್ನೂ ರಾಜರನ್ನೂ ದಿವಾನರನ್ನೂ ಎಳೆದುಕೊಂಡು ಕಟ್ಟೆಯ ಸುತ್ತ ತಿರುಗತೊಡಗಿತು.

ಚೌಕದಲ್ಲಿ ನೇಕಾರರು ಬಿಚ್ಚಿದ ಮಗ್ಗಗಳನ್ನು ಬಂಡಿಗೆ ಹೇರುತ್ತಿದ್ದರು. ರಾಜರನ್ನು ಕಂಡು ಎಲ್ಲರೂ ಬಾಗಿದರು. ರಾಜರು ಕೈಮುಗಿದರು. ಒಂದು ಸುತ್ತು ಬಂದೆವು. ಅವರು ಮತ್ತೆ ಬಾಗಿದರು, ಇವರು ಮತ್ತೆ ಕೈಮುಗಿದರು. ಪದ್ಧತಿ ಬಿಡುವಂತಿಲ್ಲವಲ್ಲ! ಇಮಾಮಸಾಬ ಹಗ್ಗ ಎಳೆದ, ಬೈದ, ಬೇಡಿಕೊಂಡ. ಹೆದರಿ ಹೆದರಿ ನನ್ನ ಹಾರ್ನ್ ಒತ್ತಿದ. ಎತ್ತು ಇನ್ನಷ್ಟು ಹುರುಪಿನಿಂದ ತಿರುಗಿತು.

"ಮುತಾಲಿಕರ, ಈ ಹೆಣ್ಣಮಗಳನ್ನ ಈಗಷ್ಟ ನೋಡಿದ್ವಲ್ಲ?"

"ಹೌದು ಸರಕಾರ."

"ಆ ಮುರಕ ಕಟಗಿ ಬಂಡೀನೂ ನೋಡಿದಂಗಿತ್ತು."

"ಅದು ಕಟಗಿ ಅಲ್ಲ ಸರಕಾರ, ಮಗ್ಗ. ಇವರು ಊರು ಬಿಡ್ಲಿಕ್ಕೆ ಹತ್ಯಾರ."

ಬಾಗಿ ಬಾಗಿ ಸೊಂಟ ಹಿಡಿದ ಸಾವಂತ್ರೆವ್ವ ಕೊನೆಗೆ ತಾಳಲಾರದೆ ಕೂಗಿದಳು: "ಇಮಾಮಣ್ಣಾ, ಅದು ಗಾಣದ ಎತ್ತೋ! ಎಣ್ಣಿ ಬರೂತನಕ ಬಿಡೂದಿಲ್ಲ!"

ಮೊದಲು ನಕ್ಕವರು ರಾಜಾಸಾಹೇಬರು. ನನ್ನ ಸ್ಪ್ರಿಂಗುಗಳೆಲ್ಲ ಕಿರುಗುಟ್ಟುವ ಹಾಗೆ ಹೊಟ್ಟೆ ಹಿಡಿದು ನಕ್ಕರು. ಚೌಕವೆಲ್ಲ ನಕ್ಕಿತು. ನೇಕಾರರು ನುಗ್ಗಿ ಬಂದು ಎತ್ತು ಹಿಡಿದು ನೊಗ ಬಿಚ್ಚಿದರು. ತಲೆಸುತ್ತು ಬಂದಿದ್ದ ರಾಜರು ಇಳಿದು ಸಾವಂತ್ರೆವ್ವನ ಹೊಸಿಲ ಪಕ್ಕದ ಕಟ್ಟೆಯ ಮೇಲೆ ಕೂತರು.

ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಅಲ್ಲಿಯ ಪದ್ಧತಿ. ಸಾವಂತ್ರೆವ್ವ ತಂಬಿಗೆ ತಂದು ಮುಂದಿಟ್ಟಳು. ರಾಜರು ಬೆಲ್ಲಕ್ಕೆ ಅಂಗೈ ಚಾಚಿದರು. ಅಂಗೈ ಹಾಗೇ ಇತ್ತು.

"ಬೆಲ್ಲ ಇಲ್ಲರಿ ದೊರಿ. ಬರೇ ನೀರು," ಎಂದು ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ಅಷ್ಟು ಹೊತ್ತಿನ ನಗು ಎಲ್ಲರಲ್ಲೂ ನಿಂತಿತು.

ರಾಜಾಸಾಹೇಬರು ಚಾಚಿದ ಕೈಯಿಂದಲೇ ತಂಬಿಗೆ ಎತ್ತಿ ಪೂರ್ತಿ ಕುಡಿದರು.

"ಮುತಾಲಿಕರ, ಹಗೇವು ಎಷ್ಟು ದೂರ?"

"ಇಲ್ಲೇ ಸರಕಾರ, ಅಗಸಿ ಬಾಗಲ ಆಚೆ."

"ಎತ್ತು ಬ್ಯಾಡ. ನಡಕೊಂತ ಹೋಗೂಣು."

ಹೊರಟರು. ರಾಜರು ನಡೆಯುವಾಗ ಏನು ಪದ್ಧತಿ ಎಂದು ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಎಲ್ಲರೂ ಪಕ್ಕದಲ್ಲಿ ಮಾತಾಡುತ್ತ ನಡೆದರು. ಸ್ವಲ್ಪ ಹೊತ್ತಿಗೆ ಊರಬಾಗಿಲಿನಾಚೆಯಿಂದ ಹೋ ಎಂಬ ಕೂಗು ಕೇಳಿತು; ಹಗೇವಿನ ಮುದ್ರೆ ಒಡೆದಿತ್ತು. ಸಂಜೆ ಇಡೀ ಓಣಿಯಲ್ಲಿ ರೊಟ್ಟಿ ತಟ್ಟುವ ಸದ್ದು. ಇಮಾಮಸಾಬ ನನಗೂ ಗಾಣದ ಎತ್ತಿಗೂ ಒಂದೇ ಹಾರ ಹರಿದು ಹಂಚಿ ಹಾಕಿದ. ನಾನು ಬೇಸರ ಮಾಡಿಕೊಳ್ಳಲಿಲ್ಲ.

ಮಗ್ಗಗಳು ಬಂಡಿಯಿಂದ ಇಳಿದವು. ಸುಗ್ಗಿಯಲ್ಲಿ ರೈತರು ಸೀರೆಗೆ ಜೋಳ ಕೊಟ್ಟರು, ಹಗೇವು ಕಂಠಮಟ್ಟ ತುಂಬಿತು. ಪೇಟೆ ಚೇತರಿಸಿಕೊಳ್ಳುವ ತನಕ ಮುತಾಲಿಕರೇ ದಿವಾನರಾಗಿದ್ದರು. ಅಧಿಕಾರ ಬಿಡುವ ದಿನ ನನಗೆ ಪೆಟ್ರೋಲ್ ತುಂಬಿಸಿದರು. ಅವರು ಮಾತ್ರ, "ಅಷ್ಟು ಲಗೂ ಹೋಗೂದು ನನಗ ಬ್ಯಾಡಪಾ," ಎಂದು ಕೊಡೆ ಬಿಚ್ಚಿ, ಬೀಳ್ಕೊಡಲು ಬಂದವರ ಜೊತೆ ಸ್ಟೇಷನ್ನಿಗೆ ನಡೆದೇ ಹೋದರು.

ಮುಂದೆ ಸಂಸ್ಥಾನವೂ ಹೋಯಿತು. ನನ್ನ ಎಂಜಿನ್ನು ಊರ ಬಾವಿಯ ನೀರೆತ್ತಲು ಹೋಯಿತು. ಉಳಿದ ನನ್ನನ್ನು ರಾಜಾಸಾಹೇಬರು ನೇಕಾರ ಓಣಿಗೆ ಕೊಟ್ಟರು. ಈಗ ಬೇವಿನ ಮರದಡಿ ನಿಂತಿದ್ದೇನೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂರುತ್ತದೆ, ಮುಂದಿನ ಸೀಟಿಗಾಗಿ ಮಕ್ಕಳು ದಿನಾ ಜಗಳಾಡುತ್ತಾರೆ. ಮದುವೆಯಾದರೆ ಮದುಮಕ್ಕಳನ್ನು ನನ್ನಲ್ಲಿ ಕೂರಿಸಿ ಕಟ್ಟೆಯ ಸುತ್ತ ತಳ್ಳುತ್ತಾರೆ. ಸುತ್ತಲೂ ಮಗ್ಗಗಳ ಸದ್ದು ಎಷ್ಟಿದೆಯೆಂದರೆ ಮಧ್ಯಾಹ್ನ ಕಣ್ಣು ಮುಚ್ಚಲಾಗುವುದಿಲ್ಲ. ಇಂಥ ಗದ್ದಲದ ಮುಪ್ಪು ಎಲ್ಲ ಮೋಟಾರುಗಳಿಗೂ ಸಿಗುವುದಿಲ್ಲ.

ಮೊನ್ನೆ ಗುಜರಿಯವನೊಬ್ಬ ಬಂದು ನನ್ನ ಮೈ ತಟ್ಟಿ ನೋಡಿದ. ಹಣ್ಣು ಮುದುಕಿಯಾದ ಸಾವಂತ್ರೆವ್ವ ಹೊಸಿಲಲ್ಲಿ ಕೂತು ನೂಲು ಬಿಡಿಸುತ್ತಿದ್ದಳು.

"ಇದು ಎಲ್ಲೀತನಕ ಓಡೇತಬೇ ಅಜ್ಜಿ?" ಎಂದು ಅವನು ಕೇಳಿದ.

"ದೂರ ಏನೂ ಹೋಗಿಲ್ಲೋ ತಮ್ಮಾ. ಇಲ್ಲೇ, ನಮ್ಮ ಮನಿ ಮುಂದ ತಿರಗಿತು," ಎಂದಳು ಅವಳು. "ಅದಕ್ಕ ನಾವು ಎಲ್ಲೂ ಹೋಗಲಿಲ್ಲ."