ಕೈ ಕಟ್ಟಿ ನಿಂತವನು

"ನೋಡಲ್ಲಿ, ನಮಾಜಿಗೆ ಎದೆ ಮೇಲೆ ಕೈ ಕಟ್ಕೊಂಡು ಹೆಂಗೆ ನಿಂತವ್ನೆ! ಕ್ಯಾಪ್ಟನ್ ಮುಂದೆ ಜವಾನ ನಿಂತಂಗೆ!" ಎಂದು ಲಖ್ದರ್ ಮರಳಿಗೆ ಉಗುಳಿದ.

ಗುಡಾರದ ಬಾಯಲ್ಲಿ ಉಣ್ಣೆ ನೂಲುತ್ತಿದ್ದ ಖೇರಾ ಆಗಲೇ ಕಂಡಿದ್ದಳು. ಅವರ ಕಡೆ ನಮಾಜಿಗೆ ನಿಂತವರು ಕೈಗಳನ್ನು ಇಳಿಬಿಡುತ್ತಾರೆ. ಯೂನುಸ್ ಎಂದು ಹೇಳಿಕೊಂಡ ಈ ಬೆಕ್ಕಿನ ಕಣ್ಣಿನ ಫರಂಗಿ, ಡಮಾಸ್ಕಸ್ಸಿನಲ್ಲಿ ಕಲಿಮಾ ಓದಿ ಮುಸಲ್ಮಾನನಾದೆ, ಅಲ್ಲಿ ಕಲಿಸಿದ್ದೇ ಹೀಗೆ ಎನ್ನುತ್ತಿದ್ದ. ಬೆಳಗ್ಗೆ ಬಂದವನಿಗೆ ಯಾರೂ ಒಂದು ಬಟ್ಟಲು ಮಜ್ಜಿಗೆ ಕೊಟ್ಟಿರಲಿಲ್ಲ. ಕೊಟ್ಟರೆ ಅತಿಥಿಯಾಗಿಬಿಡುತ್ತಾನೆ, ಆಮೇಲೆ ಬೈಯುವಂತಿಲ್ಲ.

ಅವನು ತಂದ ಸುದ್ದಿ ಅಂಥದು. ಫ್ರೆಂಚರ ದಂಡಿನ ಸಾಮಾನು ಹೊರಲು ಒಂಟೆಗಳ ಜೊತೆ ಹೋದ ತಾಹರ್, ಖೇರಾಳ ಗಂಡ, ಲಖ್ದರನ ತಮ್ಮ, ದಾರಿಯಲ್ಲೇ ಸತ್ತನಂತೆ. ಮುಸಲ್ಮಾನನ ಸಾಕ್ಷಿಯಾದರೆ ಅವಳು ವಿಧವೆ. ಕಾಫಿರನ ಮಾತಾದರೆ ಅದು ಸಾಕ್ಷಿಯೇ ಅಲ್ಲ, ತಾಹರ್ ಇನ್ನೂ ಬರುವವನೇ. ಅವನಿಗಾಗಿ ದಿನವೂ ಕಾಡಿಗೆ ಹಚ್ಚುತ್ತಿದ್ದ ಖೇರಾಗೆ, ಅವನನ್ನು ಕಾಫಿರನೆನಿಸುವ ಆ ಕಟ್ಟಿದ ಕೈಗಳ ಮೇಲೆ ಒಂಥರಾ ಪ್ರೀತಿಯೇ ಹುಟ್ಟಿತ್ತು.

ನಮಾಜು ಮುಗಿಸಿ ಯೂನುಸ್ ಹತ್ತಿರ ಬಂದ. ತುಟಿ ಒಡೆದು ರಕ್ತ ಕಟ್ಟಿತ್ತು.

"ಒಂಟೆ ಕುಸಿದು ಬಿತ್ತು ಅಕ್ಕಾ. ಹೊರೆ ನೀನೇ ಹೊರು ಅಂದ ಸಾಹೇಬ. ಹೊತ್ತ. ಜ್ವರ ಬಂತು. ನೀರು ಸಿಪಾಯಿಗಳಿಗೆ ಮಾತ್ರ ಅಂದ್ರು. ನಾನು ಕಣ್ಣಾರೆ ಕಂಡೆ."

"ಕಂಡು ಏನು ಕಡಿದೆ?" ಲಖ್ದರ್ ಗದರಿದ. "ನಿಮ್ಮೋರೇ ಕೊಂದು, ನಿಮ್ಮೋರೇ ಬಂದು ಅಳೋದು! ಸುಮ್ನೆ ನಡಿಯಯ್ಯ."

"ಒಂಟೆ ಜೊತೆ ಹೋಗೋ ಸರದಿ ನಿಂದಾಗಿತ್ತು, ಭಾವ," ಎಂದಳು ಖೇರಾ, ನೂಲಿನಿಂದ ಕಣ್ಣು ಕೀಳದೆ. "ತಮ್ಮನ್ನ ಕಳಿಸಿ ನೀನಿಲ್ಲಿ ಕೂತೆ. ಸುಮ್ನಿರು." ಆಮೇಲೆ ಫರಂಗಿಯ ಕಡೆ ತಿರುಗಿದಳು. "ನನ್ನ ಗಂಡನ ಜೊತೆ ನಮಾಜು ಮಾಡಿದ್ಯಾ? ಹೀಗೇ ಕೈ ಕಟ್ಕೊಂಡು? ಅವನು ಸುಮ್ನಿದ್ನಾ?"

ಯೂನುಸ್ ತಲೆ ತಗ್ಗಿಸಿದ. "ಸುಮ್ನೆಲ್ಲಿ ಬಿಟ್ಟ? ಒಂಟೆ ಕೋಲಲ್ಲಿ ಮೊಣಕೈಗೆ ಮೆಲ್ಲಗೆ ತಟ್ಟಿ, ಒಂಟೆ ಕೂರಿಸೋವಾಗ ಮಾಡ್ತಾರಲ್ಲ, ಹಾಗೆ 'ಖ್ಖ್ ಖ್ಖ್' ಅಂದ. ನಕ್ಕುಬಿಟ್ಟೆ. ದಿನಾ ತಟ್ತಿದ್ದ. ಈಗ ತಟ್ಟೋರಿಲ್ಲ, ಕೈ ತಾನೇ ಮೇಲೆ ಹೋಗತ್ತೆ."

ಖೇರಾಳ ಕದಿರು ನಿಂತಿತು. ಮಗಳಿಗೆ ನಮಾಜು ಕಲಿಸುವಾಗ, ಇದೇ ಗುಡಾರದ ಪರದೆಯ ಹಿಂದೆ, ತಾಹರ್ ಹಾಗೆ ತಟ್ಟುತ್ತಿದ್ದ. ಮಗು ಒಂಟೆಯಂತೆ ಮಂಡಿಯೂರಿ ಕಿಲಕಿಲ ನಗುತ್ತಿತ್ತು. ಲಖ್ದರನಿಗೂ ಅದು ಗೊತ್ತಿರಲಿಲ್ಲ.

"ಸುಳ್ಳ!" ಎಂದು ಕಿರುಚಿದಳು. "ಕಾಫಿರ ನೀನು! ನಡಿ ಇಲ್ಲಿಂದ, ನನ್ನ ಕಣ್ಮುಂದೆ ನಿಲ್ಬೇಡ!"

ಲಖ್ದರ್ ಗೆದ್ದವನಂತೆ ಮೀಸೆ ಸವರಿಕೊಂಡ. ಯೂನುಸ್ ಖಾಲಿ ತೊಗಲಚೀಲವನ್ನು ಹೆಗಲಿಗೇರಿಸಿ ದಿಬ್ಬದ ಕಡೆ ನಡೆದ.

ಸ್ವಲ್ಪ ಹೊತ್ತಿಗೆ ಖೇರಾ ಮಗಳನ್ನು ಕರೆದು ಮಜ್ಜಿಗೆಯ ಬಟ್ಟಲು ಕೊಟ್ಟು, ಚೆಲ್ಲದ ಹಾಗೆ ಓಡು ಎಂದು ಅವನ ಹಿಂದೆ ಅಟ್ಟಿದಳು. ಆಮೇಲೆ ಪರದೆಯ ಹಿಂದೆ ಹೋಗಿ, ಸೆರಗಿನ ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿಕೊಂಡು, ಕಣ್ಣಿನ ಕಾಡಿಗೆ ಉಜ್ಜತೊಡಗಿದಳು.