ತೊರೆ ದಾಟದ ಪಟ

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಓಲ್ಶಿನ್ಕಿ ಊರಿಗೂ ಅಪೊಲೋನ್ಯಾಳ ಮನೆಗೂ ನಡುವೆ ಹರಿಯುವ ತೊರೆ ಕಾಣುತ್ತಲೇ ಇರಲಿಲ್ಲ. ಇಂದೊಂದು ದಿನ ಹೀಗೇ ಇದ್ದರೆ ದೇವಮಾತೆಗೂ ತೊರೆ ಕಾಣದೆ, ದಾಟಿ ಬಂದುಬಿಟ್ಟಾಳೇನೋ ಎಂದುಕೊಂಡಳು ಅಪೊಲೋನ್ಯಾ. ಹಾಗೆ ಅಂದುಕೊಂಡದ್ದಕ್ಕೇ ನಾಚಿ ಶಿಲುಬೆಯ ಗುರುತು ಮಾಡಿಕೊಂಡಳು.

ದೇವಮಾತೆಯ ಪಟ ಅಕ್ಟೋಬರಿನಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ; ಮನೆಗೊಂದು ರಾತ್ರಿ. ತೊರೆಯ ಊರ ಕಡೆಯ ದಂಡೆಯ ಮೇಲಿನ ಇಗ್ನಾತ್ಸಿಯ ಮನೆಯೇ ಕೊನೆ. ಅಲ್ಲಿ ಮಾತ್ರ ಎರಡು ರಾತ್ರಿ ಇದ್ದು ಚರ್ಚಿಗೆ ಮರಳುತ್ತದೆ. ಹಿಂದೆ ತೊರೆಯೇ ಇಬ್ಬರು ಚಕ್ರವರ್ತಿಗಳ ಗಡಿಯಾಗಿ, ಊರ ಕಡೆ ಕೈಸರನದೂ ಆಚೆ ಕಡೆ ಜಾರನದೂ ಆಗಿದ್ದಾಗ, ಆಚೆ ಒಯ್ದ ಪಟವನ್ನು ಕಾವಲಿನವರು ಕಿತ್ತುಕೊಂಡು ಚಳಿಗಾಲವಿಡೀ ಠಾಣೆಯಲ್ಲಿ ಕೂಡಿಹಾಕಿದ್ದರಂತೆ. ಇನ್ನೆಂದೂ ಗಡಿ ದಾಟಿಸೆವೆಂದು ಹಿರಿಯರು ಆಣೆಯಿಟ್ಟರು. ಚಕ್ರವರ್ತಿಗಳು ಹೋದರು, ಗಡಿಯೂ ಹೋಯಿತು, ಆಣೆ ಉಳಿಯಿತು.

ಬೇಸಿಗೆಯಲ್ಲಿ ಗಂಡ ಫ್ಲೋರ್ಯಾನನ ಎದೆ ಕೊಯ್ದಾಗ ಅಪೊಲೋನ್ಯಾ ಆಸ್ಪತ್ರೆಯ ಬಾಗಿಲಲ್ಲಿ ಹರಕೆ ಹೊತ್ತಿದ್ದಳು: ಇವನನ್ನು ಉಳಿಸಿಕೊಡು ತಾಯಿ, ಈ ಸಲದ ಸುತ್ತಿನಲ್ಲಿ ನಿನ್ನನ್ನು ನನ್ನ ಮನೆಯಲ್ಲಿ ಕೂರಿಸಿ ದೀಪ ಕಾಯುತ್ತೇನೆ. ಅವನು ಉಳಿದ. ಪಟ ನಿನ್ನೆಯೇ ಇಗ್ನಾತ್ಸಿಯ ಮನೆ ಸೇರಿತ್ತು. ನಾಳೆ ಚರ್ಚಿಗೆ ವಾಪಸ್ಸು. ಅವಳ ಹರಕೆ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ಆಲೂಗಡ್ಡೆ ಹೂತಿಡಲು ಕೊಟ್ಟಿಗೆಯ ಹಿಂದೆ ಗುಂಡಿ ತೋಡಿಕೊಡಲು ಇಗ್ನಾತ್ಸಿ ಬಂದ. ಫ್ಲೋರ್ಯಾನ್ ಮಣೆಯ ಮೇಲೆ ಕೂತು ಯಜಮಾನಿಕೆ ನಡೆಸಿದ.

"ಇನ್ನೂ ಆಳ ತೆಗಿ ಮಾರಾಯ, ಆಲೂಗಡ್ಡೆಗೆ ಶೀತ ಆಗತ್ತೆ."

"ಕೂತ್ಕೊಂಡು ಬಾಯಿ ಮಾಡು ಅಂತಾನೂ ಡಾಕ್ಟರು ಬರ್ಕೊಟ್ಟಿದಾರೇನೋ?"

ಅಪೊಲೋನ್ಯಾ ತಡೆಯಲಾರದೆ ಕೇಳಿಯೇಬಿಟ್ಟಳು. "ಇಗ್ನಾತ್ಸಣ್ಣ, ಗುಂಡಿ ತೋಡೋಕೆ ನೀವು ತೊರೆ ದಾಟ್‌ಬೋದು, ತಾಯಿ ದಾಟಬಾರದಾ?"

"ಆಣೆ ಇಟ್ಟೋನು ನಾನಲ್ಲಮ್ಮ. ಆದ್ರೆ ಮುರಿಯೋ ಕೈ ನಂದಾಗೋದು ಬೇಡ."

ಗುದ್ದಲಿ ಠಣ್ಣೆಂದಿತು. ಮಣ್ಣು ಬಿಡಿಸಿದಂತೆ ನೆಟ್ಟಗೆ ನಿಂತ ಹಳೆಯ ಗಡಿಕಲ್ಲೊಂದು ಕಾಣಿಸಿತು. ಮನೆಯ ಕಡೆಗೆ ಕೆತ್ತಿದ್ದು ಕೈಸರನ ಒಂಟಿತಲೆಯ ಹದ್ದು. ಆಚೆ ಹೊಲದ ಕಡೆಗೆ ಜಾರನ ಎರಡು ತಲೆಯ ಹದ್ದು. ಅದರ ಬುಡದ ಸುತ್ತ ಮರಳು, ನುಣುಪಾದ ಬೆಣಚುಕಲ್ಲು.

ಇಗ್ನಾತ್ಸಿ ಒಂದು ಬೆಣಚುಕಲ್ಲನ್ನು ಅಂಗೈಯಲ್ಲಿ ಉರುಳಿಸಿದ. "ಇದು ನೀರಲ್ಲಿ ತಿಕ್ಕಿಸ್ಕೊಂಡ ಕಲ್ಲು. ಆಗ ತೊರೆ ಇಲ್ಲೇ ಹರೀತಿತ್ತು, ಕೊಟ್ಟಿಗೆ ಹಿಂದೆ! ಯಾವ್ದೋ ನೆರೆಗೆ ಮಗ್ಗುಲು ಬದಲಾಯಿಸಿ ನಿಮ್ಮನೆ ಮುಂದಕ್ಕೆ ಬಂದಿದೆ. ಗಡಿಯಿಂದ ಈಚೆಗೆ, ಊರಿನ ಕಡೆಗೇ ಇದೀರಲ್ಲಮ್ಮ ನೀವು."

"ತೊರೆ ಕುಡಿದು ದಾರಿ ತಪ್ಪಿದ್ದಕ್ಕೆ ನನ್ನ ಹೆಂಡ್ತಿ ಊರಾಚೆಯವಳಾದ್ಲು ನೋಡು!" ಎಂದ ಫ್ಲೋರ್ಯಾನ್.

ಇಗ್ನಾತ್ಸಿ ನಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನಮ್ಮಮ್ಮ ಹೇಳೋಳು, ಎರಡನೇ ರಾತ್ರಿ ನಮ್ದಲ್ಲ ಕಣೋ, ಇಟ್ಕೊಂಡಿರೋದಷ್ಟೆ ಅಂತ. ಯಾರದು ಅಂತ ನಾನು ಕೇಳ್ಲೇ ಇಲ್ಲ. ಈ ಮನೇದೇ ಇರ್ಬೇಕು."

ಅಪೊಲೋನ್ಯಾ ಅಲ್ಲೇ ತೋಡಿದ ಮಣ್ಣಿನ ಮೇಲೆ ಕೂತುಬಿಟ್ಟಳು. ಬೇಸಿಗೆಯಿಂದ ಹಿಡಿದಿಟ್ಟ ಉಸಿರು ಆಗ ಹೊರಬಂತು.

ಸಂಜೆಗೆ ಮಂಜು ಕರಗಿತ್ತು. ಅವಳು ಗೋಡೆಗೆ ಸುಣ್ಣ ಬಳಿದು, ಮೇಜಿಗೆ ಬಿಳಿ ಬಟ್ಟೆ ಹಾಸಿ, ದೀಪ ಹಚ್ಚಿ ಹೊಸ್ತಿಲಲ್ಲಿ ನಿಂತಿದ್ದಳು. ಇಗ್ನಾತ್ಸಿ ಪಟವನ್ನು ಎದೆಗವಚಿಕೊಂಡು ತೊರೆಯ ಮೇಲಿನ ಹಲಗೆಯ ಸಂಕ ದಾಟಿ ಬಂದ. ಅವಳ ಎರಡೂ ಕೈಗಳ ಮೇಲೆ ಅದನ್ನಿಟ್ಟ.